ಬಾತ್‌ರೂಮಿನ ದುಡ್ಡು ಟೈಲ್ಸ್ ಅಡಿಗೆ ಹೋಗಲಿ

ಮಳೆ ನಿಂತಿತು, ದೀಪಾವಳಿ ಹತ್ತಿರ ಬಂತು. ಮುಂಬೈಯ ಯಾವ ಕಟ್ಟಡಕ್ಕೆ ಹೋದರೂ ಗೋಡೆ ಒಡೆಯುವ ಬ್ರೇಕರ್ ಸದ್ದು ಶುರುವಾಗಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾತ್‌ರೂಮಿನವೇ. ಕೆಳಗೆ ಕೊಟ್ಟಿರುವ ಲೆಕ್ಕವೆಲ್ಲ ಮುಲುಂಡ್, ಠಾಣೆ, ಡೊಂಬಿವಲಿ ಕಡೆ ನಾನು ಈಗ ಕೆಲಸ ಮಾಡಿಸುತ್ತಿರುವ ದರದ್ದು. ದಾದರ್‌ನಿಂದ ಆಚೆ ಇರುವವರು ಕೂಲಿಯ ಬಾಬ್ತಿಗೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ.

ಪ್ರಶ್ನೆ: ಅಣ್ಣಾ, ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಒನ್ ಬಿಎಚ್‌ಕೆ. ಲಿಫ್ಟ್ ಇಲ್ಲ. ಬಾತ್‌ರೂಮ್, ಸಂಡಾಸು ಒಂದೇ, 4 ಅಡಿ ಅಗಲ 6 ಅಡಿ ಉದ್ದ. ಇವರಿಗೆ ಮೊಣಕಾಲು ನೋವು, ಇಂಡಿಯನ್ ಪ್ಯಾನಿನಲ್ಲಿ ಕೂರಲಾಗುವುದಿಲ್ಲ. ಇಬ್ಬರು ಕಾಂಟ್ರ್ಯಾಕ್ಟರರನ್ನು ಕೇಳಿದೆವು. ಒಬ್ಬ 95,000 ಅಂದ, ಇನ್ನೊಬ್ಬ 1,85,000 ಅಂದ. ಒಂದೇ ಬಾತ್‌ರೂಮಿಗೆ ಇಷ್ಟು ಅಂತರವೇ? ಎರಡೂ ಕೊಟೇಶನ್ ಜತೆಗಿಟ್ಟಿದ್ದೇನೆ. ಇವರ ಪೆನ್ಷನ್ ದುಡ್ಡು, ಯೋಚಿಸಿ ಹೇಳಿ.
— ಒಬ್ಬ ಗೃಹಿಣಿ, ಡೊಂಬಿವಲಿ

ಉತ್ತರ: ಅಕ್ಕಾ, ಎರಡೂ ಚೀಟಿ ಓದಿದೆ. ಮೊದಲನೆಯವನದು ಒಂದೇ ಸಾಲು: ‘ಬಾತ್‌ರೂಮ್ ಕಂಪ್ಲೀಟ್ ವಿತ್ ಮಟೀರಿಯಲ್’. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಿ.ಪಿ. ಫಿಟ್ಟಿಂಗ್, ಸ್ಯಾನಿಟರಿ ಪಾರ್ಟಿ ಕಾ’ ಎಂದಿದೆ. ಎಂದರೆ ನಲ್ಲಿ, ಕಮೋಡು, ಬೇಸಿನ್ ಎಲ್ಲ ನೀವೇ ತರಬೇಕು. ವಾಟರ್‌ಪ್ರೂಫಿಂಗ್ ಎಂಬ ಮಾತೇ ಇಲ್ಲ. ಒಡೆದ ರಾಡಾ (ಟೈಲ್ಸ್, ಸಿಮೆಂಟಿನ ಚೂರು) ಕೆಳಗಿಳಿಸುವವರು ಯಾರು ಎಂಬುದೂ ಇಲ್ಲ. ಕೆಲಸ ಅರ್ಧಕ್ಕೆ ಬಂದಮೇಲೆ ‘ಆಂಟಿ, ಇದು ಎಕ್ಸ್‌ಟ್ರಾ’ ಎಂಬ ಹಾಡು ಶುರುವಾಗುವುದು ಇಂಥ ಚೀಟಿಗಳಲ್ಲೇ. ಎರಡನೆಯವನು ಎರಡು ಪುಟ ಬರೆದಿದ್ದಾನೆ. ಅವನು ಮೋಸಗಾರನಲ್ಲ, ಆದರೆ ನಿಮಗೆ ಬೇಡದ್ದನ್ನೂ ತುರುಕಿದ್ದಾನೆ.

ಈಗ ನನ್ನ ಲೆಕ್ಕ ನೋಡಿ. ನಾಲ್ಕು ಗೋಡೆ ಸುತ್ತಳತೆ 20 ಅಡಿ, 7 ಅಡಿ ಎತ್ತರಕ್ಕೆ ಟೈಲ್ಸ್ ಎಂದರೆ 140 ಚದರಡಿ. ಬಾಗಿಲಿನ 15 ಕಳೆಯಿರಿ, ನೆಲದ 24 ಕೂಡಿಸಿ. 149 ಆಯಿತು. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 165 ಚದರಡಿ ಹತ್ತಿರ. ಚದರಡಿಗೆ 55 ರೂಪಾಯಿಯ ಟೈಲ್ಸ್ ತಂದರೆ ಒಟ್ಟು 9,000 ಚಿಲ್ಲರೆ. ಗಂಡ ಹೆಂಡತಿ ಮೂರು ಭಾನುವಾರ ಅಂಗಡಿ ಸುತ್ತಿ ಜಗಳಾಡುವುದು ಈ ಒಂಬತ್ತು ಸಾವಿರಕ್ಕೆ! ಅದರ ದುಪ್ಪಟ್ಟು ಬೆಲೆಯದು ತಂದರೂ ಒಂಬತ್ತು ಸಾವಿರ ಹೆಚ್ಚಾಗುತ್ತದೆ, ಅಷ್ಟೆ. ಬಾತ್‌ರೂಮಿನ ದುಡ್ಡು ತಿನ್ನುವುದು ಟೈಲ್ಸ್ ಅಲ್ಲ.

ತಿನ್ನುವುದು ಮೊದಲಿಗೆ ಒಡೆಯುವ ಕೆಲಸ. ಬಾತ್‌ರೂಮಿನ ಸ್ಲ್ಯಾಬ್ ಉಳಿದ ಮನೆಗಿಂತ ಮುಕ್ಕಾಲು ಅಡಿಯಷ್ಟು ಕೆಳಗಿರುತ್ತದೆ. ಆ ಗುಂಡಿಯಲ್ಲಿ ಇಟ್ಟಿಗೆ ಚೂರು, ಸಿಮೆಂಟು ಹಾಕಿ ಕೋಬಾ ಮಾಡಿರುತ್ತಾರೆ. ಪ್ಯಾನ್ ತೆಗೆದು ಕಮೋಡು ಇಡಬೇಕೆಂದರೆ ಅದೆಲ್ಲ ಎದ್ದುಬರಬೇಕು. ಗೋಡೆಯ ಟೈಲ್ಸ್ ಜತೆ ಪ್ಲಾಸ್ಟರ್ ಕೂಡ ಬರುತ್ತದೆ. ಇಷ್ಟು ಸಣ್ಣ ಜಾಗದಿಂದ 60ರಿಂದ 80 ಗೋಣಿ ರಾಡಾ ಹೊರಡುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಾಗ ನಂಬುತ್ತಾರೆ. ಲಿಫ್ಟಿಲ್ಲದ ಮೂರನೇ ಮಹಡಿ; ಬಿಗಾರಿ ಗೋಣಿ ಲೆಕ್ಕದಲ್ಲೇ ಕೂಲಿ ಕೇಳುತ್ತಾನೆ, ಮಹಡಿ ಏರಿದಂತೆ ದರವೂ ಏರುತ್ತದೆ. ಮೇಲೆ ಟೆಂಪೊ ಬಾಡಿಗೆ. ಒಡೆಯುವ ಕೂಲಿ ಸೇರಿ 16ರಿಂದ 20 ಸಾವಿರ ಇದಕ್ಕೇ ಇಡಿ. ಅಗ್ಗಕ್ಕೆ ಸಿಕ್ಕಿತೆಂದು ಯಾವನೋ ಟೆಂಪೊದವನಿಗೆ ಕೊಟ್ಟು, ಅವನು ರಾತ್ರಿ ಖಾಡಿ (ಹಿನ್ನೀರು) ಬದಿಗೆ ಸುರಿದರೆ ದಂಡ ನಿಮ್ಮ ಸೊಸೈಟಿ (ಕಟ್ಟಡದ ಮನೆಯವರ ಸಂಘ) ಹೆಸರಿಗೆ ಬರಬಹುದು. ಎಲ್ಲಿ ಹಾಕುತ್ತೀಯ ಎಂದು ಕೇಳಿಯೇ ಟೆಂಪೊ ಗೊತ್ತು ಮಾಡಿ.

ಎರಡನೆಯದು ವಾಟರ್‌ಪ್ರೂಫಿಂಗ್, 15ರಿಂದ 18 ಸಾವಿರ. ಸ್ಲ್ಯಾಬ್ ಕಾಣುವವರೆಗೆ ಕೆರೆದು ತೊಳೆದು, ಬಿರುಕು ತುಂಬಿ, ಪಾಲಿಮರ್ ಕೋಟಿಂಗ್ ಎರಡು ಸಲ ಬಳಿಯಬೇಕು. ನೆಲಕ್ಕೆ ಮಾತ್ರವಲ್ಲ, ಗೋಡೆಯ ಮೇಲೂ ಒಂದಡಿ ಹತ್ತಿಸಬೇಕು. ಸ್ನಾನ ಮಾಡುವ ಮೂಲೆಯಲ್ಲಿ ಆಳೆತ್ತರಕ್ಕೆ. ಆಮೇಲೆ ನಹಾನಿ ಟ್ರ್ಯಾಪ್ (ನೀರು ಹೊರಹೋಗುವ ನೆಲದ ಕಿಂಡಿ) ಬಾಯಿಗೆ ಬಟ್ಟೆ ತುರುಕಿ, ಎರಡು ಮೂರು ಇಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಬಿಡಿ. ಕೆಳಮನೆಯವರಲ್ಲಿ ಹೋಗಿ ಚಾ ಕುಡಿಯುತ್ತಾ ಅವರ ಛಾವಣಿ ನೋಡಿ ಬನ್ನಿ. ‘ಇದೆಲ್ಲ ಬೇಡ ಅಂಕಲ್, ಹತ್ತು ವರ್ಷ ಗ್ಯಾರಂಟಿ ಸ್ಟ್ಯಾಂಪ್ ಪೇಪರಿನಲ್ಲಿ ಬರೆದುಕೊಡುತ್ತೇನೆ’ ಎನ್ನುವ ಕಾಂಟ್ರ್ಯಾಕ್ಟರನಿಗಿಂತ ಆ ಪೆನ್ಸಿಲ್ ಗೆರೆ ಹೆಚ್ಚು ನಂಬಿಕಸ್ಥ. ಆ ಪೇಪರ್ ಹಿಡಿದುಕೊಂಡು ಹೋದವರಿಗೆ ಅವನ ಫೋನ್ ಹತ್ತಿದ್ದನ್ನು ನಾನು ಕಂಡಿಲ್ಲ.

ಮೂರನೆಯದು ಪೈಪು ಮತ್ತು ಪ್ಲಂಬರ್, 22ರಿಂದ 26 ಸಾವಿರ. ನಿಮ್ಮ ಕಾಲದ ಕಟ್ಟಡದಲ್ಲಿ ಜಿ.ಐ. (ಸತು ಬಳಿದ ಕಬ್ಬಿಣದ) ಪೈಪು ಇದ್ದೇ ಇರುತ್ತದೆ, ಒಳಗೆ ತುಕ್ಕು ಹಿಡಿದು ನೀರಿನ ದಾರಿ ಬೆರಳಷ್ಟೂ ಉಳಿದಿರುವುದಿಲ್ಲ. ಗೋಡೆ ಒಡೆದಾಗಲೇ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು ಹಾಕಿಸಿಬಿಡಿ. ಆದರೆ ಪೈಪು ಹೂಳಲು ಕಾಲಮ್ಮನ್ನೋ ಬೀಮನ್ನೋ ಕೊರೆಯಲು ಬಂದರೆ ಕೈ ಹಿಡಿದು ನಿಲ್ಲಿಸಿ. ಇಟ್ಟಿಗೆ ಗೋಡೆಯಲ್ಲಿ ಎಷ್ಟು ಬೇಕಾದರೂ ಸುತ್ತಿಸಿಕೊಂಡು ಹೋಗಲಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸಿಮೆಂಟು, ಮರಳು, ಅಂಟು 9ರಿಂದ 10 ಸಾವಿರ (ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18ಕ್ಕೆ ಇಳಿದಿದೆ, ಹಳೇ ದರ ಹೇಳಿದರೆ ಕೇಳಬೇಡಿ). ಕಡಿಯಾ (ಗಾರೆ ಕೆಲಸದವನು) ಲಾದಿ, ಅಂದರೆ ಟೈಲ್ಸ್ ಹಾಕುವುದಕ್ಕೆ ಚದರಡಿಗೆ 70ರಿಂದ 80, ಅಂದರೆ 12 ಸಾವಿರದೊಳಗೆ. ಕಮೋಡು, ಸಣ್ಣ ಬೇಸಿನ್, ವಾಲ್ ಮಿಕ್ಸರ್, ಜೆಟ್ ಸ್ಪ್ರೇ ಎಲ್ಲ ಒಳ್ಳೆ ಮಧ್ಯಮ ದರ್ಜೆಯದು 24ರಿಂದ 30 ಸಾವಿರ. ಗ್ರಾನೈಟ್ ಚೌಕಟ್ಟು, ಫೈಬರ್ ಬಾಗಿಲು 8ರಿಂದ 10. ವೈರಿಂಗ್, ಎಕ್ಸಾಸ್ಟ್ ಫ್ಯಾನ್ 6-7. ಗೀಸರ್ ಈಗಿನದೇ ಇರಲಿ. ಟೈಲ್ಸ್ ಸೇರಿ 1,20,000ದಿಂದ 1,42,000. ಕಾಂಟ್ರ್ಯಾಕ್ಟರನ ಲಾಭ ನೂರಕ್ಕೆ ಹನ್ನೆರಡೋ ಹದಿನೈದೋ ಸೇರಿಸಿ. 1,35,000ದಿಂದ 1,65,000 ಒಳಗೆ ನಿಮ್ಮ ಕೆಲಸ ಆಗಬೇಕು. ಜಿಎಸ್‌ಟಿ ಬಿಲ್ಲು ಕೊಡುವವನಾದರೆ ತೆರಿಗೆ ಸೇರಿಸಿಯೋ ಬೇರೆಯೋ ಎಂದು ಮೊದಲೇ ಕೇಳಿ.

ಹಾಗಾಗಿ ಎರಡನೆಯವನನ್ನೇ ಕರೆಯಿರಿ. ಅವನ ಪಟ್ಟಿಯಿಂದ ಮೂರು ಹೊಡೆದು ಹಾಕಿಸಿ: ಗೋಡೆಗೆ ನೇತುಹಾಕುವ ಕಮೋಡು, ಗಾಜಿನ ಪಾರ್ಟಿಶನ್, ಫಾಲ್ಸ್ ಸೀಲಿಂಗ್. ನೇತುಹಾಕುವ ಕಮೋಡಿನ ಟ್ಯಾಂಕ್ ಗೋಡೆಯೊಳಗೆ ಕೂರಬೇಕು, ನಿಮ್ಮದು ನಾಲ್ಕು ಇಂಚಿನ ಗೋಡೆ. 24 ಚದರಡಿಯಲ್ಲಿ ಗಾಜು ಇಟ್ಟರೆ ರಾಯರು ಮೊಣಕೈ ಹೊಡೆಸಿಕೊಳ್ಳುವುದು ಖಂಡಿತ. ಫಾಲ್ಸ್ ಸೀಲಿಂಗ್ ಹಾಕಿದರೆ ಮೇಲಿನ ಮನೆಯ ಸೋರಿಕೆ ನಿಮಗೆ ಕಾಣುವುದೇ ಇಲ್ಲ, ವಾಸನೆ ಬಂದಾಗಲೇ ಗೊತ್ತಾಗುವುದು.

ಅದರ ಬದಲಿಗೆ ಅವನು ಬರೆಯದ ಎರಡು ಬರೆಸಿ. ಒಂದು, ಕಮೋಡಿನ ಪಕ್ಕ ಸ್ಟೀಲಿನ ಹಿಡಿಕೆ. ಸ್ಕ್ರೂ ಟೈಲ್ಸ್ ದಾಟಿ ಇಟ್ಟಿಗೆಗೆ ಕಚ್ಚಬೇಕು. ಇನ್ನೊಂದು, ಬಾಗಿಲು ಹೊರಗೆ ತೆರೆಯುವಂತಿರಲಿ. ಒಳಗೆ ತೆರೆಯುವ ಬಾಗಿಲಿನ ಹಿಂದೆ ವಯಸ್ಸಾದವರು ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಆದರೆ ಯಾವ ಕಾಂಟ್ರ್ಯಾಕ್ಟರನೂ ತಾನಾಗಿ ಹೇಳುವುದಿಲ್ಲ. ಕಮೋಡು ಕೊಳ್ಳುವಾಗ ಸೀಟಿನ ಎತ್ತರ 17-18 ಇಂಚಿನದು ಕೇಳಿ, ಮೊಣಕಾಲಿಗೆ ಸುಖ. ಕೊಳ್ಳುವ ಮೊದಲು, ಮಲದ ಪೈಪು ನೆಲಕ್ಕೆ ಇಳಿಯುತ್ತದೋ ಗೋಡೆಗೆ ಹೋಗುತ್ತದೋ, ನೆಲಕ್ಕಾದರೆ ಟೈಲ್ಸ್ ಹಾಕಿದಮೇಲಿನ ಗೋಡೆಯಿಂದ ಅದರ ನಡುಮಧ್ಯಕ್ಕೆ ಎಷ್ಟು ಇಂಚು ಎಂದು ಪ್ಲಂಬರ್ ಕೈಲಿ ಅಳೆಸಿ ಬರೆದುಕೊಂಡು ಹೋಗಿ. ಅಳತೆ ಇಲ್ಲದೆ ಹೋಗಿ ಕೊಂಡು ತಂದ ಕಮೋಡನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ನೆಲದ ಟೈಲ್ಸ್ ಮ್ಯಾಟ್ ಫಿನಿಶ್, ಒಂದಡಿಗೆ ಒಂದಡಿ. ದೊಡ್ಡ ಟೈಲ್ಸ್ ಹಾಕಿದರೆ ಸಣ್ಣ ಜಾಗದಲ್ಲಿ ಇಳಿಜಾರು ಕೂರುವುದಿಲ್ಲ. ನಾಲ್ಕಡಿಗೆ ಅರ್ಧ ಇಂಚಾದರೂ ಇಳುಕಲು ಬೇಕು.

ಹೊರಡುವ ಮುಂಚೆ ಒಂದು ಮಾತು. ನಿಮ್ಮ ಕಟ್ಟಡ 30 ವರ್ಷ ದಾಟಿದ್ದರೆ ಸೊಸೈಟಿ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಗಟ್ಟಿಯಿದೆಯೇ ಎಂಬ ತಪಾಸಣೆ) ಮಾಡಿಸಲೇಬೇಕು. ರಿಪೋರ್ಟ್ ಬಂದಿದೆಯೋ, ರೀಡೆವಲಪ್‌ಮೆಂಟ್ (ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ) ಮಾತು ಎಲ್ಲಿಯವರೆಗೆ ಬಂದಿದೆಯೋ ಸೆಕ್ರೆಟರಿಯನ್ನು ಕೇಳಿ. ಬಿಲ್ಡರ್ ಜತೆ ಕರಾರಾಗುವ ಹಂತದಲ್ಲಿದ್ದರೆ ಒಂದೂವರೆ ಲಕ್ಷ ಸುರಿಯಬೇಡಿ. ಪ್ಯಾನ್ ಮೇಲೆ ಇಡುವ ಕುರ್ಚಿ ಕಮೋಡು ಮೆಡಿಕಲ್ ಅಂಗಡಿಯಲ್ಲಿ ಕೆಲವು ಸಾವಿರಕ್ಕೆ ಸಿಗುತ್ತದೆ, ಅದರಲ್ಲೇ ಕಾಲ ತಳ್ಳಿ.

ಪ್ರಶ್ನೆ: ನಮ್ಮ ಕೆಳಮನೆಯವರ ಬಾತ್‌ರೂಮ್ ಛಾವಣಿಯಲ್ಲಿ ಕಲೆ ಬಿದ್ದಿದೆ. ಸೊಸೈಟಿಯವರು ‘ಖರ್ಚು ನಿಮ್ಮದೇ’ ಎಂದು ನೋಟಿಸ್ ಕೊಟ್ಟಿದ್ದಾರೆ. ಒಡೆಯದೆ, ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕಿದರೆ 45 ಸಾವಿರದಲ್ಲಿ ಮುಗಿಯುತ್ತದೆ, ಸೋರುವುದೂ ನಿಲ್ಲುತ್ತದೆ ಎನ್ನುತ್ತಾರೆ. ಸರಿಯೇ?
— ಬ್ಯಾಂಕ್ ನೌಕರ, ಮುಲುಂಡ್ ಪಶ್ಚಿಮ

ಉತ್ತರ: ಮೊದಲು ಖರ್ಚಿನ ಮಾತು. ನಿಮ್ಮ ಸಂಡಾಸು, ಸಿಂಕು, ನೆಲದಿಂದ ಸೋರಿದರೆ ರಿಪೇರಿ ಸದಸ್ಯನದೇ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಯಲ್ಲಿ ಹಾಗೇ ಇದೆ. ಆದರೆ ಹೊರಗೋಡೆಯ ಮೇಲೆ ಇಳಿಯುವ ಸಾರ್ವಜನಿಕ ಪೈಪು ಒಡೆದಿದ್ದರೆ, ಹೊರಗೋಡೆಯಿಂದ ಮಳೆನೀರು ಒಳಬರುತ್ತಿದ್ದರೆ ಅದು ಸೊಸೈಟಿಯದು. ಎಲ್ಲಿಂದ ಸೋರುತ್ತಿದೆ ಎಂದು ತಿಳಿಯದೆ ನೋಟಿಸಿಗೆ ಹೆದರಬೇಡಿ.

ತಿಳಿಯುವ ಬಗೆ ಇದು. ಕಲೆ ಮಳೆಗಾಲದಲ್ಲಿ ಮಾತ್ರ ಹಬ್ಬುತ್ತಿತ್ತೇ? ಹೊರಗೋಡೆ ನೋಡಿಸಿ. ನೀವು ವಾರಗಟ್ಟಲೆ ಊರಿಗೆ ಹೋದಾಗಲೂ ಒದ್ದೆ ಇತ್ತೇ? ಹಾಗಾದರೆ ಗೋಡೆಯೊಳಗಿನ ನೀರಿನ ಪೈಪು. ವಾಲ್ವ್ ಮುಚ್ಚಿ ಒಂದು ದಿನ ನೋಡಿ, ಇಲ್ಲವೇ ಪ್ಲಂಬರ್ ಪಂಪು ಹಚ್ಚಿ ಪ್ರೆಶರ್ ಟೆಸ್ಟ್ ಮಾಡಲಿ. ಸ್ನಾನವಾದ ಗಂಟೆ ಎರಡು ಗಂಟೆಯಲ್ಲಿ ತೊಟ್ಟಿಕ್ಕುತ್ತದೆಯೇ? ಆಗ ಅಪರಾಧಿ ನೆಲ, ಅದರಲ್ಲೂ ಹತ್ತಕ್ಕೆ ಏಳರಲ್ಲಿ ನಹಾನಿ ಟ್ರ್ಯಾಪ್.

ಜಾಲಿ ಎತ್ತಿ ಮೊಬೈಲಿನ ಟಾರ್ಚ್ ಬಿಡಿ. ಕೂದಲು, ಸೋಪಿನ ಗಸಿ ತೆಗೆದು ಒರೆಸಿ ನೋಡಿ. ಟ್ರ್ಯಾಪಿನ ಕಂಠಕ್ಕೂ ಸುತ್ತಲಿನ ಸಿಮೆಂಟಿಗೂ ನಡುವೆ ಕಪ್ಪು ಗೆರೆಯಂಥ ಸಂದು ಕಾಣಿಸಿದರೆ, ಅಲ್ಲಿ ಬೆರಳಿನ ಉಗುರು ಒಳಗೆ ಹೋದರೆ, ನೀರು ಕೊಳವೆಗೆ ಇಳಿಯದೆ ಅದರ ಹೊರಮೈ ಹಿಡಿದುಕೊಂಡು ಕೋಬಾಕ್ಕೆ ಇಳಿಯುತ್ತಿದೆ. ಹಾಗಿದ್ದರೆ ಟ್ರ್ಯಾಪಿನ ಸುತ್ತ ಒಂದೂವರೆ ಅಡಿಯಷ್ಟು ಮಾತ್ರ ಒಡೆದು, ಹೊಸ ಟ್ರ್ಯಾಪ್ ಕೂರಿಸಿ, ಕೋಟಿಂಗ್ ಮಾಡಿ ಮುಚ್ಚಿದರೂ ಸಾಕಾಗಬಹುದು. ಎಂಟು ಹತ್ತು ಸಾವಿರದ ಮಾತು. ಅಲ್ಲಿ ಗಟ್ಟಿಯಾಗಿದ್ದರೆ ಟೈಲ್ಸ್ ಸಂದುಗಳನ್ನು ಮಿಶಿನ್ನಿನಲ್ಲಿ ಕೆರೆದು ಎಪಾಕ್ಸಿ (ನೀರು ಬಿಡದ ಗಟ್ಟಿ ಅಂಟು) ತುಂಬಿಸಿ, ಐದಾರು ಸಾವಿರ. ಒಂದು ತಿಂಗಳು ಕಾಯಿರಿ. ಕೆಳಗಿನ ಕಲೆ ತಕ್ಷಣ ಒಣಗುವುದಿಲ್ಲ, ಕೋಬಾ ಕುಡಿದ ನೀರು ಇಳಿಯಲು ಸಮಯ ಬೇಕು ಎಂದು ಕೆಳಮನೆಯವರಿಗೂ ತಿಳಿಸಿ, ಇಲ್ಲವಾದರೆ ಮೂರನೇ ದಿನವೇ ಬಾಗಿಲು ತಟ್ಟುತ್ತಾರೆ.

ಟೈಲ್ಸ್ ಮೇಲೆ ಟೈಲ್ಸ್? ಅಂಟು ಹಾಕಿ ಕೂರಿಸಬಹುದು, ಚೆಂದವೂ ಕಾಣುತ್ತದೆ. ಆದರೆ ಸೋರಿಕೆಗೆ ಅದು ಮದ್ದಲ್ಲ. ಟ್ರ್ಯಾಪಿನ ಸಂದು ಅಡಿಯಲ್ಲಿ ಹಾಗೇ ಇರುತ್ತದೆ, ನೆಲ ಅರ್ಧ ಇಂಚು ಏರುತ್ತದೆ, ಬಾಗಿಲು ಕೊಯ್ಯಿಸಬೇಕು, ನೀರು ಹಾಲಿಗೆ ನುಗ್ಗದಂತೆ ಹೊಸ್ತಿಲು ಏರಿಸಬೇಕು. ನೋಟ ಬದಲಾದರೆ ಸಾಕು ಎನ್ನುವವರು, ಸೋರಿಕೆ ಇಲ್ಲದವರು ಧಾರಾಳವಾಗಿ ಮಾಡಿಸಿಕೊಳ್ಳಲಿ. ನಿಮಗೆ ಬೇಡ.

ಪ್ರಶ್ನೆ: ಪರೇಲಿನ ಚಾಳಿನಲ್ಲಿ ನಮ್ಮದು ಒಂದು ಖೋಲಿ. ಮೂಲೆಯ ಮೋರಿ (ಸ್ನಾನದ ಬಚ್ಚಲು) 3 ಅಡಿಗೆ 3 ಅಡಿ. ತಂಗಿ ಕಾಲೇಜಿಗೆ ಹೋಗುತ್ತಾಳೆ, ಮರೆ ಬೇಕು. ಅಲ್ಲೇ ಒಂದು ಕಮೋಡೂ ಕೂರಿಸಬಹುದೇ? ಕೈಯಲ್ಲಿ 30 ಸಾವಿರ ಇದೆ.
— ಓದುಗ, ಪರೇಲ್

ಉತ್ತರ: ಕಮೋಡು ಬೇಡ ತಮ್ಮಾ. ಮೋರಿಯ ಪೈಪು ಬಚ್ಚಲು ನೀರಿನದು, ಸಪೂರ. ಮಲಕ್ಕೆ ನಾಲ್ಕು ಇಂಚಿನ ಬೇರೆ ಸಾಲೇ ಬೇಕು, ಅದು ಚಾಳಿನ ಸಾರ್ವಜನಿಕ ಸಂಡಾಸಿನ ಕಡೆ ಇರುತ್ತದೆ. ಮಾಲೀಕರ, ಪಾಲಿಕೆಯ ಒಪ್ಪಿಗೆ ಇಲ್ಲದೆ ಜೋಡಿಸಿದರೆ ಕೆಳಗಿನ ಖೋಲಿಯವರ ಬದುಕು ಹಾಳು, ನಿಮ್ಮದೂ.

ಮರೆ ಮಾಡಿಕೊಳ್ಳಬಹುದು. ಹಳೇ ಚಾಳುಗಳ ನೆಲ ಮರದ ತೊಲೆಯ ಮೇಲಿರುತ್ತದೆ, ಅಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಲೇಬೇಡಿ. ಅಲ್ಯುಮಿನಿಯಂ ಚೌಕಟ್ಟಿಗೆ ಪಿವಿಸಿ ಹಲಗೆ ಹೊಡೆಸಿ, ಮಡಚುವ ಬಾಗಿಲು ಇಡಿಸಿ. 12ರಿಂದ 14 ಸಾವಿರದಲ್ಲಿ ಆಗುತ್ತದೆ. ಉಳಿದ ದುಡ್ಡಿನಲ್ಲಿ ಮೋರಿಯ ನೆಲಕ್ಕೆ ಕೋಟಿಂಗ್ ಬಳಿಸಿ, ಮ್ಯಾಟ್ ಟೈಲ್ಸ್ ಹಾಕಿಸಿ, ಗೋಡೆಗೆ ನಾಲ್ಕಡಿ ಎತ್ತರದವರೆಗೆ ಸಾಕು. ಒಂದು ಕಡಪ ಕಲ್ಲಿನ ಮೂಲೆ ಶೆಲ್ಫ್, ಬಟ್ಟೆಗೆ ಎರಡು ಮೊಳೆ. ಮೇಲ್ಭಾಗದಲ್ಲಿ ಒಂದಡಿ ತೆರೆದಿರಲಿ, ಹಬೆ ಹೋಗಬೇಕಲ್ಲ.

ಪ್ರಶ್ನೆ: ಕಾಂಟ್ರ್ಯಾಕ್ಟರ್ ನೂರಕ್ಕೆ ಎಪ್ಪತ್ತು ಅಡ್ವಾನ್ಸ್ ಕೇಳುತ್ತಿದ್ದಾನೆ. ನಮ್ಮೂರ ಕಡೆಯವನೇ, ಇಲ್ಲ ಎನ್ನಲು ಸಂಕೋಚ.
— ಓದುಗಿ, ಠಾಣೆ

ಉತ್ತರ: ಊರಿನವನಾದರೆ ಊಟ ಹಾಕಿ, ಎಪ್ಪತ್ತು ಕೊಡಬೇಡಿ. ಶುರುವಿಗೆ 20, ನೀರು ನಿಲ್ಲಿಸಿ ನೋಡಿದಮೇಲೆ 30, ಟೈಲ್ಸ್ ಮುಗಿದಮೇಲೆ 30. ಉಳಿದ 20 ನೀವು ಒಂದೆರಡು ವಾರ ಸ್ನಾನ ಮಾಡಿ ನೋಡಿದಮೇಲೆ. ಸಾಮಾನಿಗೆ ದುಡ್ಡಿಲ್ಲ ಎಂದರೆ ಅವನನ್ನು ಕರೆದುಕೊಂಡು ನೀವೇ ಅಂಗಡಿಗೆ ಹೋಗಿ, ಬಿಲ್ಲು ನಿಮ್ಮ ಹೆಸರಿನಲ್ಲಿ ಮಾಡಿಸಿ. ಹೊರಗಡೆಯ ಮಿಸ್ತ್ರಿಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಕೆಲಸ ಗಟ್ಟಿ. ಕೂಲಿಯವರು ಸೇರುವ ನಾಕಾದಲ್ಲಿ ಬೆಳಿಗ್ಗೆ ಕನ್ನಡದಲ್ಲೇ ಮಾತಾಡಿ ನೋಡಿ, ದರವೂ ನೇರವಾಗಿ ಹೇಳುತ್ತಾರೆ.

ಇನ್ನೊಂದು: ಮನೆ ರಿಪೇರಿಗೆಂದು ಸೊಸೈಟಿಗೆ ಕಟ್ಟುವ ಡಿಪಾಸಿಟ್ ನಿಮ್ಮ ಹೆಸರಿನ ಚೆಕ್ಕಿನಲ್ಲೇ ಹೋಗಲಿ. ಕಾಂಟ್ರ್ಯಾಕ್ಟರ್ ಕಟ್ಟಿದರೆ ವಾಪಸು ಬಂದಾಗ ಅವನ ಜೇಬಿಗೇ.

ಪ್ರಶ್ನೆ: ಹೋಟೆಲಿನಲ್ಲಿ ಇರುವಂಥ ದೊಡ್ಡ ರೈನ್ ಶವರ್ ಹಾಕಿಸಬೇಕೆಂದು ಮಗಳ ಆಸೆ. ನಮ್ಮದು ಕಟ್ಟಡದ ಕೊನೆಯ ಮಹಡಿ.
— ಓದುಗರು, ಚೆಂಬೂರ್

ಉತ್ತರ: ಕೊನೆಯ ಮಹಡಿಯೇ ತೊಂದರೆ. ಟ್ಯಾಂಕಿನ ನೀರಿಗೆ ಹತ್ತು ಮೀಟರ್ ಎತ್ತರವಿದ್ದರೆ ಒಂದು ಬಾರ್ ಒತ್ತಡ ಸಿಗುವುದು. ನಿಮ್ಮ ತಲೆಯ ಮೇಲೆ ಟ್ಯಾಂಕು ಎರಡು ಮೂರು ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ, 0.2ರಿಂದ 0.3 ಬಾರ್. ದೊಡ್ಡ ತಟ್ಟೆಯ ಶವರಿಗೆ ಅರ್ಧದಿಂದ ಒಂದು ಬಾರ್ ಆದರೂ ಬೇಕು. ಇಲ್ಲವಾದರೆ ತಟ್ಟೆಯ ನಡುವಿಂದ ಮಾತ್ರ ಹನಿ ಬೀಳುತ್ತದೆ. ಪ್ರೆಶರ್ ಪಂಪ್ ಹಾಕಲು ಸೊಸೈಟಿ ಒಪ್ಪುವುದು ಕಷ್ಟ, ಒಪ್ಪಿದರೂ ಸದ್ದು, ಕರೆಂಟು ಎಲ್ಲ ನಿಮ್ಮ ತಲೆಗೆ.

ನಲ್ಲಿ, ಶವರ್ ಅಂಗಡಿಗಳಿರುವ ಲೋಹಾರ್ ಚಾಳ ಕಡೆ ಹೋದಾಗ ನಾಲ್ಕು ಇಂಚಿನ ಸಾದಾ ಶವರ್, ಕಡಿಮೆ ಒತ್ತಡಕ್ಕೆ ಮಾಡಿದ್ದು ಎಂದು ಕೇಳಿ ತನ್ನಿ. ಸಾವಿರ ರೂಪಾಯಿಯ ಆಸುಪಾಸು. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಗೋಡೆಯೊಳಗೆ ಹೂತುಹೋಗುವ ಸಾಮಾನು, ಅದನ್ನು ಮಾತ್ರ ಬಿಡಿಭಾಗ ಸಿಗುವ ಹೆಸರಾಂತ ಕಂಪನಿಯದೇ ಕೊಳ್ಳಿ. ನಾಳೆ ಹಾಳಾದರೆ ಟೈಲ್ಸ್ ಒಡೆಯದೆ ಒಳಗಿನ ಕಾರ್ಟ್ರಿಜ್ ಬದಲಿಸಬಹುದು. ಮಗಳಿಗೆ ಹೇಳಿ, ಬಿಲ್ಡರ್ ಮುಂದೆ ಹೊಸ ಕಟ್ಟಡ ಕಟ್ಟಿಕೊಟ್ಟಾಗ ಆರನೇ ಮಹಡಿ ಕೇಳೋಣ, ಟ್ಯಾಂಕು ಇಪ್ಪತ್ತನೇ ಮಹಡಿಯ ಮೇಲಿರುತ್ತದೆ.